ವಾರಕ್ಕೊಂದು ಉತ್ತರ

ಕಾಲೇಜಿನ ಹಳೆಯ ಮೇಲ್ ಸರ್ವರ್‌ನಲ್ಲಿದ್ದ ಎಲ್ಲ ಖಾತೆಗಳನ್ನೂ ಹೊಸದಕ್ಕೆ ಸಾಗಿಸಿ, ಎಲ್ಲರಿಗೂ ಹೊಸ ಪಾಸ್‌ವರ್ಡ್ ಕೊಟ್ಟಾಗಿತ್ತು. ಉಳಿದದ್ದು ಒಂದೇ ಖಾತೆ, ಮೂರು ತಿಂಗಳ ಹಿಂದೆ ತೀರಿಕೊಂಡ ಗಣಿತದ ಮೇಷ್ಟ್ರದು. ಅವರಿಗೆ ಯಾರೇ ಮೇಲ್ ಬರೆದರೂ, ಕೊನೆಯ ಸಲ ರಜೆ ಹಾಕುವಾಗ ಅವರು ಬರೆದಿಟ್ಟಿದ್ದ ಉತ್ತರ ತಾನಾಗಿಯೇ ಹೋಗುತ್ತಿತ್ತು: 'ಸದ್ಯ ಊರಲ್ಲಿಲ್ಲ. ಸೋಮವಾರ ಸಿಗುತ್ತೇನೆ. ಅಲ್ಲಿಯವರೆಗೆ ಚೆನ್ನಾಗಿರಿ.'

ಸರ್ವರ್ ನೋಡಿಕೊಳ್ಳುವವನು ಮೇಷ್ಟ್ರ ಶಿಷ್ಯನೇ. ಸತ್ತವರ ಹೆಸರಿನಲ್ಲಿ ಇದೆಂಥ ಕ್ರೌರ್ಯ ಎನ್ನಿಸಿ, ಬೆಳಿಗ್ಗೆ ಆ ಖಾತೆಯನ್ನು ಅಳಿಸಿದ. ಹಳೆಯ ಡಿಸ್ಕನ್ನೂ ಪೂರ್ತಿ ಖಾಲಿ ಮಾಡಿದ.

ಮಧ್ಯಾಹ್ನ ಮೇಷ್ಟ್ರ ಹೆಂಡತಿ ಬಂದು ಬಾಗಿಲಲ್ಲಿ ನಿಂತರು.

"ಅವರ ಮೇಲ್ ವಿಷಯ ಮಾತಾಡ್ಬೇಕಿತ್ತಪ್ಪಾ."

"ಆ ಉತ್ತರ ನಿಮಗೂ ಬಂತಾ ಅಮ್ಮಾ?"

"ಬರ್ತಾನೇ ಇದೆ. ವಾರಕ್ಕೊಂದು ಸಲ."

ಅವನಿಗೆ ತಲೆ ಎತ್ತಲಾಗಲಿಲ್ಲ. "ಒಬ್ಬರಿಗೇ ಮತ್ತೆ ಮತ್ತೆ ಹೋಗಬಾರದು ಅಂತ ಏಳು ದಿನದ ಅಂತರ ಇಟ್ಟಿರ್ತೀವಿ. ನಾನು ಮೊದಲೇ ನಿಲ್ಲಿಸ್ಬೇಕಿತ್ತು. ತಪ್ಪಾಯ್ತಮ್ಮಾ."

"ಆ ಅಂತರ ನೀನೇ ಇಟ್ಟಿದ್ದಾ?"

"ಹೂಂ. ಆದರೆ ಇನ್ನು ನಿಮಗೆ ಆ ಹಿಂಸೆ ಇಲ್ಲ. ಬೆಳಿಗ್ಗೆ ಎಲ್ಲಾನೂ ಅಳಿಸಿಬಿಟ್ಟೆ. ವಾಪಸ್ ಬರೋ ಹಾಗೇ ಇಲ್ಲ."

ಅವರು ಅಲ್ಲಿದ್ದ ಕುರ್ಚಿಯ ಬೆನ್ನು ಹಿಡಿದುಕೊಂಡರು.

"ಆ ಏಳು ದಿನಾನ ಒಂದು ದಿನ ಮಾಡಿಕೊಡ್ತೀಯಾ ಅಂತ ಕೇಳೋಕೆ ಬಂದಿದ್ದೆ ಕಣಪ್ಪಾ."