ಫಕೀರಪ್ಪನ ಉಸಿರುಗಿಡ

ಗಾಳಿ ಕೆಟ್ಟ ಮೇಲೆ ಬದುಕಲು ಪ್ರತಿಯೊಬ್ಬರಿಗೂ ಒಂದೊಂದು ಉಸಿರುಗಿಡ ಬೇಕಾಗಿತ್ತು. ನೀಲವ್ವನ ಪುಟ್ಟ ಹಿತ್ತಲಿನಲ್ಲಿ ಅಂಥ ಎರಡು ಗಿಡಗಳು ಎಂದೂ ಎಲೆ ಉದುರಿಸದೆ, ಕಂಬದಂತೆ ನೆಟ್ಟಗೆ ನಿಂತಿದ್ದವು. ಗಂಡ ಫಕೀರಪ್ಪ ತೀರಿಕೊಂಡು ತಿಂಗಳಾಗಿದ್ದರೂ ಅವನ ಗಿಡಕ್ಕೆ ಅವಳು ದಿನವೂ ನೀರು ಹಾಕುತ್ತಿದ್ದಳು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಸುಮಿತ್ರಾ ಹಸುಗೂಸನ್ನು ಎತ್ತಿಕೊಂಡು ಬಂದಳು. ಕೂಸಿನ ತುಟಿ ನೀಲಿಗಟ್ಟಿತ್ತು.

"ಇಕೀಗೆ ಹಚ್ಚಿದ ಸಸಿ ಒಣಗೇತ್ರಿ, ದೊಡ್ಡವ್ವಾ."

ನೀಲವ್ವ ಗುದ್ದಲಿ ತಂದು ಗಂಡನ ಗಿಡದ ಬುಡ ಅಗೆದಳು. ಎರಡೂ ಗಿಡಗಳ ಬೇರುಗಳು ಹೆಣೆದುಕೊಂಡಿದ್ದವು.

"ನಿಮ್ಮ ಗಿಡದ ಬೇರೂ ಹರೀತಾವ್ರಿ," ಎಂದು ಸುಮಿತ್ರಾ ತಡೆದಳು.

"ಹರೀಲಿ. ನನಗ ಅರ್ಧ ಉಸಿರು ಸಾಕವಾ."

ಗಿಡ ಸುಮಿತ್ರಾಳ ಹಿತ್ತಲಿಗೆ ಹೋದ ಮೇಲೆ ನೀಲವ್ವ ಗುಂಡಿಯ ಪಕ್ಕ ಕೂತಳು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಕೂಸು ಗಟ್ಟಿಯಾಗಿ ಅಳತೊಡಗಿತು. ಗಂಡನನ್ನು ಮಣ್ಣು ಮಾಡಿದ ದಿನವೂ ಅಳದಿದ್ದ ನೀಲವ್ವ ಏದುಸಿರು ಬಿಡುತ್ತ ಅತ್ತಳು.