ಗೂಟನ ಬೀಳ್ಕೊಡುಗೆ

ಜ್ವರ ಎಂದರೆ ಸಾಕೇ, ಎಷ್ಟು ಡಿಗ್ರಿ ಎಂದೂ ಹೇಳಬೇಕೇ? ಮೂರು ದಿನದಿಂದ ಎಂದರೆ ಮೊದಲೇ ಯಾಕೆ ತಿಳಿಸಲಿಲ್ಲ ಎನ್ನುತ್ತಾರೆ. ರಾತ್ರಿಯಿಂದ ಎಂದರೆ ನೆಪ ಎನ್ನುತ್ತಾರೆ. ಗಾಜಿನ ಕಾರ್ಖಾನೆಯ ಸಭಾಂಗಣದ ಮೆಟ್ಟಿಲ ಬಳಿ ನಿಂತು ಮಗ ಸುಳ್ಳನ್ನು ತಿದ್ದಿ ತೀಡುತ್ತಿದ್ದ. ಪಕ್ಕದಲ್ಲಿ ಅಪ್ಪನ ನಾಯಿ ಗೂಟ, ಹೆಸರಿಗೆ ತಕ್ಕಂತೆ, ನೆಟ್ಟ ಹಾಗೆ ಕೂತಿತ್ತು.

ಒಳಗೆ ಅಪ್ಪನ ಬೀಳ್ಕೊಡುಗೆ ಸಮಾರಂಭ. ಅಪ್ಪನೇ ಬಂದಿರಲಿಲ್ಲ. ಬೆಳಿಗ್ಗೆ ಗಡ್ಡ ಕೆರೆದು, ಇಸ್ತ್ರಿ ಅಂಗಿ ತೊಟ್ಟು ಬಾಗಿಲ ತನಕ ಬಂದವರು ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತುಬಿಟ್ಟಿದ್ದರು. "ಇಷ್ಟು ವರ್ಷ ಸ್ಟೋರಿನ ಕಿಂಡಿ ಹಿಂದೆ ಕೂತು ಒಬ್ಬೊಬ್ಬರಿಗೂ ಕೈಗವಸು, ಸಾಬೂನು, ಬಲ್ಬು ಕೊಟ್ಟಿದ್ದೀನಿ. ನಾನು ಬರಲಿಲ್ಲ ಅಂದ್ರೆ ಸುಮ್ಮನಿರ್ತಾರಾ? ಕರೆಯೋಕೆ ಬಂದೇ ಬರ್ತಾರೆ. ನೀನು ಗೂಟನ್ನ ಕರ್ಕೊಂಡು ಮುಂದೆ ಹೋಗು. ಕೇಳಿದವರಿಗೆ ಜ್ವರ ಅನ್ನು. ಎಲ್ಲರೂ ಕೇಳ್ತಾರೆ, ಬೇಜಾರು ಮಾಡ್ಕೋಬೇಡ."

ಭಟ್ಟಿಯ ಮೇಸ್ತ್ರಿ ಒಳಗಿನಿಂದ ಕೈ ಚಾಚಿಕೊಂಡು ಓಡಿಬಂದ. ಮಗ ಗಂಟಲು ಸರಿಮಾಡಿಕೊಂಡ.

"ಬಂದ್ಯಾ ಮಹರಾಯ! ನೀನಿಲ್ಲದೆ ನಮಗೆ ಯಾವ ಸಮಾರಂಭ!" ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು ಗೂಟನನ್ನು ತಬ್ಬಿಕೊಂಡ. ಅವನ ತಪ್ಪೂ ಅಲ್ಲ. ಸ್ಟೋರಿನ ಕಿಂಡಿ ಸೊಂಟದ ಮಟ್ಟದ್ದು. ಅಪ್ಪನದು ಬಲಗೈ ಮಾತ್ರ ಹೊರಗೆ ಕಾಣುತ್ತಿತ್ತು. ದಿನವೂ ಕಿಂಡಿಯ ಕೆಳಗೆ, ಹೊರಗಡೆ ಕೂರುತ್ತಿದ್ದ ಗೂಟ ಇಡಿಯಾಗಿ ಕಾಣುತ್ತಿತ್ತು, ಬಾಲ ಸಮೇತ.

ಕಾರ್ಯಕ್ರಮ ನಡೆಸಿಕೊಡುವ ಹೆಂಗಸು ಮೈಕು ಹಿಡಿದೇ ಬಂದಳು. "ಸ್ಟೋರಿನವರು ಬಂದ್ರಾ?"

"ಇಲ್ಲೇ ಇದ್ದಾರಲ್ಲ," ಎಂದ ಮೇಸ್ತ್ರಿ.

"ಸದ್ಯ! ಬೇಗ ಮೇಲೆ ಕೂರಿಸಿ. ಮುಖ್ಯ ಅತಿಥಿಗಳಿಗೆ ಇನ್ನೊಂದು ಕಡೆ ಹೋಗೋದಿದೆ."

"ಮೇಡಂ, ಇದು ನಾಯಿ," ಎಂದ ಮಗ.

"ಗೊತ್ತು ಸರ್. ಕಚ್ಚುತ್ತಾ?"

"ಇಲ್ಲ."

"ಮತ್ತಿನ್ನೇನು?"

ಗೂಟ ವೇದಿಕೆಯ ಮೆಟ್ಟಿಲು ಹತ್ತಿ, ಮುಖ್ಯ ಅತಿಥಿಯ ಪಕ್ಕದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿತು. ಅತಿಥಿ ಬರೆದು ತಂದ ಭಾಷಣವನ್ನು ಒಂದಕ್ಷರ ಬದಲಿಸದೆ ಓದಿದರು. ಇವರು ಒಂದು ದಿನವೂ ದನಿ ಎತ್ತಿದವರಲ್ಲ. ಬಡ್ತಿ ಕೇಳಿದವರಲ್ಲ. ಇದ್ದಲ್ಲೇ ಇದ್ದು, ಕೊಟ್ಟದ್ದರಲ್ಲೇ ತೃಪ್ತಿಪಟ್ಟವರು. ಪ್ರತಿ ವಾಕ್ಯಕ್ಕೂ ಚಪ್ಪಾಳೆ ಬಿತ್ತು. ಅಪ್ಪನಿಗೆ ಹೊಂದದ ಮಾತು ಯಾವುದಾದರೂ ಬರುತ್ತದೆಯೇ ಎಂದು ಮಗ ಕಿವಿಗೊಟ್ಟು ಕಾದ. ನಾಯಿಗೆ ಹೊಂದದ ಮಾತಾದರೂ ಬರಲಿ ಎಂದು ಕಾದ. ಎರಡೂ ಬರಲಿಲ್ಲ. ನಡುವೆ ಗೂಟ ಬಾಯಿ ಪೂರ್ತಿ ತೆರೆದು ಆಕಳಿಸಿತು. "ಎಷ್ಟು ಸರಳ ಜೀವ ನೋಡಿ," ಎಂದು ಹಿಂದಿನ ಸಾಲಿನಲ್ಲಿ ಯಾರೋ ಮೂಗೆಳೆದರು.

ಪದಕ ಗೂಟನ ಕೊರಳಿಗೆ ಬಿತ್ತು. "ಸರ್, ನೀವು ಸ್ವಲ್ಪ ಸರ್ಕೊಳ್ಳಿ, ಅವರಿಗೆ ಮರೆಯಾಗ್ತಿದ್ದೀರ," ಎಂದು ಫೋಟೋದವನು ಮಗನನ್ನು ಪಕ್ಕಕ್ಕೆ ತಳ್ಳಿದ. ಊಟದ ಹೊತ್ತಿಗೆ ಮಗನಿಗೆ ತಡೆಯಲಾಗಲಿಲ್ಲ. ಯಾರೂ ಕೇಳದೆಯೇ ಮ್ಯಾನೇಜರ್ ಬಳಿ ಹೋಗಿ, "ಅಪ್ಪನಿಗೆ ಜ್ವರ ಸರ್," ಎಂದ.

"ಅಯ್ಯೋ, ನಿಮ್ಮ ತಂದೆಗಾ? ಚೆನ್ನಾಗಿ ನೋಡ್ಕೊಳ್ಳಿ. ವಯಸ್ಸಾದವರು," ಎಂದ ಮ್ಯಾನೇಜರ್, ತನ್ನ ತಟ್ಟೆಯ ಮಾಂಸದ ತುಂಡೊಂದನ್ನು ಗೂಟನ ಮುಂದಿಟ್ಟ. "ಇವರು ಮುಂದೇನು ಮಾಡ್ಬೇಕು ಅಂತಿದ್ದಾರೆ?"

"ಮನೇಲೇ ಇರ್ತಾರೆ," ಎಂದ ಮಗ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಮನೆಗೆ ಬಂದಾಗ ಅಪ್ಪ ಅದೇ ಸ್ಟೂಲಿನ ಮೇಲೆ, ಅದೇ ಅಂಗಿಯಲ್ಲಿದ್ದರು. ಒಂದು ಕಾಲಿಗೆ ಷೂ ಹಾಕಿಯೂ ಆಗಿತ್ತು.

"ಕರೆಯೋಕೆ ಯಾರೂ ಬರಲಿಲ್ಲವಲ್ಲೋ?"

"ಹೊರಟಿದ್ರು ಅಪ್ಪ. ಜ್ವರದಲ್ಲಿರೋರನ್ನ ಎಬ್ಬಿಸೋದು ಬೇಡ ಅಂತ ಸುಮ್ಮನಾದ್ರು."

"ಇದರ ಕೊರಳಲ್ಲಿ ಏನು?"

"ನಿಮ್ಮದೇ. ದಾರಿಯಲ್ಲಿ ಬಿದ್ದುಹೋಗದಿರಲಿ ಅಂತ ಹಾಕಿದೆ."

ಅಪ್ಪ ಪದಕ ತಿರುಗಿಸಿ ನೋಡಿ, ಹಾಗೇ ಬಿಟ್ಟರು. "ಎಲ್ಲರೂ ಕೇಳಿದ್ರಾ?"

"ಕೇಳಿದ್ರು."

"ಭಟ್ಟಿ ಮೇಸ್ತ್ರಿ?"

"ಅವನೇ ಮೊದಲು."

ಅಪ್ಪನ ಮುಖ ಊರಗಲವಾಯಿತು. ಮರುಗಳಿಗೆಗೆ ಗಾಬರಿಯೂ ಆಯಿತು. "ಹಾಗಾದ್ರೆ ಸಂಜೆ ನೋಡೋಕೆ ಬರ್ತಾರೆ ಕಣೋ! ನಾನು ಗುಂಡುಕಲ್ಲಿನ ಹಾಗೆ ಕೂತಿದ್ರೆ ನಿನ್ನ ಮಾನ ಏನಾಗಬೇಕು?" ಅಂಗಿ ಬಿಚ್ಚದೆಯೇ ಮಂಚ ಹತ್ತಿದರು. ಗಂಟಲ ತನಕ ಕಂಬಳಿ ಎಳೆದುಕೊಂಡರು. ಹಣೆಗೆ ಒದ್ದೆ ಬಟ್ಟೆ ಹಾಕಿಸಿಕೊಂಡು, ಒಂದೆರಡು ಸಲ ನರಳಿ ನೋಡಿ, ಯಾವ ನರಳಾಟ ಸಹಜವಾಗಿದೆ ಎಂದು ಮಗನನ್ನು ಕೇಳಿದರು. ಆಮೇಲೆ ಕಣ್ಣು ಮುಚ್ಚಿಕೊಂಡೇ ಅಂದರು: "ಅಷ್ಟು ಜನಕ್ಕೆ ಕುರ್ಚಿ ಸಾಲೋದಿಲ್ಲ."

ಮಗ ಪಕ್ಕದ ಮನೆಗೆ ಹೋಗಿ ಕುರ್ಚಿಗಳನ್ನು ಕೇಳಿ ತಂದ. ಒಂದೊಂದನ್ನೇ ಒರೆಸಿ ಮಂಚದ ಸುತ್ತ ಹಾಕಿದ. ಅಪ್ಪ ಯಾಕೆ ಬರಲಿಲ್ಲ ಎಂದು ಸಮಾರಂಭದಲ್ಲಿ ಒಬ್ಬರೂ ಕೇಳಲಿಲ್ಲ ಎಂಬುದನ್ನು ಅವನು ಹೇಳಲಿಲ್ಲ.