ಮಂಗಳಾರ ಕತ್ರಿ ಹಾಕಿದ ಖಣ

ನಿಮ್ಮನ್ಯಾಗೂ ಮಂಗಳಾರ ಹೊಸ ಅರಿಬಿಗೆ ಕತ್ರಿ ಹಾಕಾಕ ಬಿಡತಿದ್ದಿಲ್ಲೇನ್ರಿ? ಈಗ ನಾ ಹಿರೇಕೆರೂರಾಗ ಹೈಸ್ಕೂಲ್ ಹುಡುಗ್ಯಾರಿಗೆ ಹೊಲಿಗಿ, ಡಿಸೈನ್ ಕಲಸ್ತೇನಿ. ನೆನಿಸಿದ ಅರಿಬಿಯ ಗಂಜಿ ವಾಸನಿ ಬಂದ್ರ ಸಾಕು, ಅಬಲೂರಿನ ನಮ್ಮ ಹಿತ್ತಲ ನೆನಪಾಕ್ಕೈತಿ.

ಆಗ ನಾ ಒಂಬತ್ತನೇ ಕ್ಲಾಸ್. ಸೂಟಿಯೊಳಗ ಬಸ್ ಹತ್ತಿ ಹೊಲಿಗಿ ಕಲಿಯಾಕ ಹೋಗತಿದ್ದೆ. ಅವತ್ತು ಮಂಗಳಾರ, ಮಧ್ಯಾಹ್ನ ಪರೀಕ್ಷೆ. ಟೀಚರ್ ಮುಂದ ಹೊಸ ಖಣದ ಅರಿಬಿ ಇಟ್ಟು ಕುಬಸ ಕತ್ತರಿಸಬೇಕು. ಇಲ್ಲಂದ್ರ ಮಷಿನ್ ಮುಟ್ಟಾಕ ಬಿಡೂದಿಲ್ಲ ಅಂದಿದ್ರು.

ಅಜ್ಜಿ ಬಾಗಲಕ್ಕ ಅಡ್ಡ ಕುಂತಿದ್ಲು. "ಮಂಗಳಾರ ಹೊಸ ಅರಿಬಿ ಕತ್ತರಿಸಿದ್ರ ಮನಿಗೆ ಚಲೋ ಅಲ್ಲ. ನಾಳೆ ಹೋಗ."

"ನಾಳೆ ಪರೀಕ್ಷೆ ಇಲ್ಲಬೇ. ನಾ ಇವತ್ತ ಹೊಕ್ಕೇನಿ."

"ಹೋಗ. ಖಣ ಇಲ್ಲೇ ಇಟ್ಟು ಹೋಗಿ ಪೇಪರ್ ಕತ್ತರಸು."

ನಾ ಖಣ ಎದಿಗೆ ಅವಚಿಕೊಂಡು ನಿಂತೆ, ಸರೀಲಿಲ್ಲ. ಅವ್ವ ಬಂದಾಕಿನ ಅದನ್ನ ಕಸಗೊಂಡು, ಹಿತ್ತಲಕ್ಕ ಒಯ್ದು ಬಕೆಟ್‌ನ್ಯಾಗ ಅದ್ದಿಬಿಟ್ಲು. ಕಾಗದದಂಗ ಬಿರುಸಿದ್ದ ಖಣ ಮೆತ್ತಗಾತು, ಗಂಜಿ ಬಿಟ್ಟು ನೀರು ಬೆಳ್ಳಗಾತು. ಹಿಂಡಿ, ಜಾಡಿಸಿ, ಅಜ್ಜಿ ಮುಂದ ಹಿಡದ್ಲು.

"ನೋಡ್ರಿ ಅತ್ತಿ, ನೀರು ಕುಡದ ಅರಿಬಿ ಹೊಸಾದಲ್ಲ. ಇನ್ನ ಕತ್ತರಿಸಬೌದಲ್ರಿ?"

ಅಜ್ಜಿ ಖಣದ ಅಂಚು ಮುಟ್ಟಿ ನೋಡಿದ್ಲು. "ಭಾಳ ಶ್ಯಾಣ್ಯಾಕಿ ಅದಿ ನೀ," ಅಂತ ಗೊಣಗಿ ಕಾಲು ಮಡಚಿಕೊಂಡು ದಾರಿ ಬಿಟ್ಲು.

ಬಸ್ಸಿನ ಕಿಡಕಿಗೆ ಖಣ ಹಿಡಿದು ಒಣಗಿಸಿಕೋತ ಹೋದೆ.

"ಇನ್ನೂ ಹಸೀ ಐತಲ್ಲ, ಹೆಂಗ ಕತ್ತರಸ್ತಿ?" ಅಂದ್ರು ಟೀಚರ್.

"ಕತ್ತರಸ್ತೇನ್ರಿ," ಅಂದೆ. ಬಟ್ಟಿ ಜಾರಿದ್ರೂ ಗೆರಿ ಬಿಡದ ಕತ್ತರಿಸಿದೆ. ಮರುದಿನ ಮಷಿನ್ ಮುಂದ ಕುಂತೆ.

ಹಿಂಗ ಅಡ್ಡಾದ ಬಾಗಲಾ ನಿಮಗ ಯಾರು, ಹೆಂಗ ಬಿಡಿಸಿ ಕೊಟ್ರು? ಕೆಳಗ ಬರೀರಿ, ಎಲ್ಲಾ ಓದ್ತೇನಿ.